ನಾಲ್ಕು ಇಂಚಿನ ಮಾತು

"ಸೆಪ್ಟಿಕ್ ಟ್ಯಾಂಕ್ ಹೊಸಾದು ಕಟ್ಟಿಸೀವಿ, ಆದ್ರೂ ಬಚ್ಚಲದಾಗ ನಾತ ಹೋಗವಲ್ದು." ರಜೆಗೆ ಹೋದಾಗ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಯಾವ ಗೆಳೆಯರ ಮನೆಗೆ ಹೋದರೂ ಇದೇ ಗೋಳು. ಎಲ್ಲರೂ ಗೌಂಡಿಯನ್ನು ಬೈತಾರೆ. ಅರ್ಧ ತಪ್ಪು ನಮ್ಮಂಥವರದ್ದು ಅಂತ ನಮಗನಿಸುತ್ತದೆ. ಸರ್ವೇ ಲ್ಯಾಬಿನಲ್ಲಿ ಮಿಲಿಮೀಟರ್ ಲೆಕ್ಕ ಬರೆಯುವ ನಾವು, ಮನೆಯಲ್ಲಿ ಪೈಪ್ ಹೂಳುವ ದಿನ ಮೊಬೈಲ್ ನೋಡ್ತಾ ಕೂತಿರ್ತೀವಿ.

ಲೆಕ್ಕ ದೊಡ್ಡದೇನಲ್ಲ. 100 ಮಿ.ಮೀ. ಪೈಪಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಇಳಿಜಾರು 57ಕ್ಕೆ 1. ಅಂದರೆ 20 ಅಡಿ ಪೈಪಿಗೆ ಸುಮಾರು ನಾಲ್ಕು ಇಂಚು. ಆದರೆ ಹೊಸ ಟ್ಯಾಂಕಿನ ಬಾಯಿ ಎತ್ತರಕ್ಕೆ ಬಂದುಬಿಟ್ಟರೆ ಆ ನಾಲ್ಕು ಇಂಚು ಎಲ್ಲಿಂದ ತರೋದು? "ನಡೀತದ ಬಿಡ್ರಿ" ಅಂತ ಮಣ್ಣು ಎಳೀತಾರೆ. ಸವಣೂರು ಕಡೆಯ ಎರಿಮಣ್ಣಾದರೆ ಇನ್ನೂ ಕಷ್ಟ. ಸಡಿಲಾಗಿ ತುಂಬಿದ್ದು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಪೈಪಿನ ನಡುವೆ ಹೊಟ್ಟೆ ಬೀಳ್ತದೆ. ಹೊಲಸು ಅಲ್ಲೇ ನಿಂತು ಕೊಳೀತದೆ. ಹಾನಗಲ್ಲ ಕಡೆಯ ಭತ್ತದ ನೆಲದಲ್ಲಿ ಮಳೆಗಾಲಕ್ಕೆ ಇಂಗುಗುಂಡಿಯೇ ನೀರು ಹೀರೋದಿಲ್ಲ, ಟ್ಯಾಂಕ್ ತುಂಬಿ ಹಿಂದಕ್ಕೆ ಒತ್ತುತ್ತದೆ.

ಗಾಳಿ ಪೈಪಿನದು ಬೇರೆ ಕಥೆ. ಟ್ಯಾಂಕ್ ಮನೆಯಿಂದ 15 ಮೀಟರ್ ಒಳಗಿದ್ದರೆ ಅದು ಮನೆಯ ತುದಿಗಿಂತ 2 ಮೀಟರ್ ಮೇಲೇರಬೇಕು. ನಮ್ಮ ಹಿತ್ತಲುಗಳಲ್ಲಿ 15 ಮೀಟರ್ ಜಾಗ ಎಲ್ಲಿದೆ? ಆದರೂ ಚಂದ ಕಾಣೋದಿಲ್ಲ ಅಂತ ಕಿಟಕಿ ಮಟ್ಟಕ್ಕೇ ಕತ್ತರಿಸ್ತಾರೆ. (ಬಳಸದ ಬಚ್ಚಲಿದ್ದರೆ ಮೊದಲು ಜಾಲಿಗೆ ಒಂದು ಚೊಂಬು ನೀರು ಹಾಕಿ ನೋಡಿ. ಟ್ರ್ಯಾಪಿನ ನೀರು ಆರಿದ್ದರೆ ಅಷ್ಟಕ್ಕೇ ನಾತ ನಿಲ್ಲುತ್ತದೆ.)

ನಾತ ಅಷ್ಟೇ ಆಗಿದ್ದರೆ ನಾವು ಇಷ್ಟು ಬರೀತಿರಲಿಲ್ಲ. "ಒಳಗ ಏನಾಗೇದ ನೋಡು" ಅಂತ ಮುಚ್ಚಳ ತೆಗೆದು ಕೂಲಿಯವನನ್ನು ಇಳಿಸುವುದು ಇದರ ಮುಂದಿನ ಹೆಜ್ಜೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯೋದಿಲ್ಲ, ಇಳಿದವನು ಮೇಲೆ ಬರೋದಿಲ್ಲ. ರಕ್ಷಣಾ ಸಾಧನವಿಲ್ಲದೆ ಹೀಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಹೀರುವ ಗಾಡಿ ಕರೆಸಿ, ಮನುಷ್ಯರನ್ನಲ್ಲ.

ಈ ಸಲ ಊರಿಗೆ ಹೋಗುವವರು, ಮನೆಯಲ್ಲಿ ಕೆಲಸ ನಡೆದಿದ್ದರೆ, ಹತ್ತು ಮೀಟರ್ ಪಾರದರ್ಶಕ ಟ್ಯೂಬ್ ಬ್ಯಾಗಿಗೆ ಹಾಕಿಕೊಳ್ಳಿ. ನೀರು ತುಂಬಿ ಎರಡೂ ತುದಿ ಹಿಡಿದರೆ ಮಟ್ಟ ಸಿಗ್ತದೆ. ಗೌಂಡಿ ಮಾಮಾ ನಗಬಹುದು, ಅಪ್ಪನೂ ನಗಬಹುದು. ನಗಲಿ, ಅಳೆಯೋ ತನಕ ತಗ್ಗು ಮುಚ್ಚೋಕೆ ಮಾತ್ರ ಬಿಡಬೇಡಿ.