ಸೋಡಚೀಟಿಗೂ ಇಂಗ್ಲಿಷೇ ಬೇಕೆ?



ನಿಮ್ಮ ಲಗ್ನಪತ್ರಿಕೆ ಕನ್ನಡದಲ್ಲಿರುತ್ತದೆ. ಹೊಸಪೇಟೆಯ ನನ್ನಂಥ ಪ್ರೆಸ್ಸಿನವರೇ ಅಚ್ಚು ಹಾಕುತ್ತೇವೆ. ಒಂದು ಒತ್ತಕ್ಷರ ತಪ್ಪಿದರೂ ಹುಡುಗಿಯ ಅಪ್ಪ ಜಗಳಕ್ಕೆ ಬರುತ್ತಾನೆ. ಅದೇ ಮದುವೆ ಮುರಿದಾಗ? ಟೈಪಿಸ್ಟ್ ಚಾಚಿದ ಇಂಗ್ಲಿಷ್ ಕಾಗದಕ್ಕೆ ಓದದೆಯೇ ಸಹಿ! ಮಗು ಯಾರ ಬಳಿ ಇರಬೇಕು, ಇನ್ನೊಬ್ಬರು ತಿಂಗಳಿಗೆ ಎಷ್ಟು ಸಲ ನೋಡಬಹುದು, ದಸರಾ ರಜೆ ಯಾರ ಮನೆಯಲ್ಲಿ, ಶಾಲೆಯ ಫೀ ಯಾರದು, ಎಲ್ಲವೂ ಅದರಲ್ಲೇ ಇರುತ್ತದೆ. ಪತ್ರಿಕೆಗೆ ಇದ್ದ ಎಚ್ಚರ ಹೆತ್ತ ಕೂಸಿಗೆ ಬೇಡವೇ?

ಸಂಡೂರು, ಕಂಪ್ಲಿ ಕಡೆ ಕೆಲವರು ಹಿರಿಯರನ್ನು ಕೂಡಿಸಿ, ಛಾಪಾ ಕಾಗದದ ಮೇಲೆ ಸೋಡಚೀಟಿ ಬರೆಸಿ 'ಮುಗೀತು' ಅನ್ನುತ್ತಾರೆ. ಮುಗಿಯಲಿಲ್ಲ! 1955ರ ಹಿಂದೂ ವಿವಾಹ ಕಾಯ್ದೆಯಂತೆ ನ್ಯಾಯಾಲಯದ ಡಿಕ್ರಿ ಬೇಕು. ಕುಲದ ರೂಢಿಯ ಬಿಡುಗಡೆಯನ್ನು ಕಾಯ್ದೆ ಒಪ್ಪುತ್ತದೆ, ನಿಜ. ಆದರೆ ಆ ರೂಢಿಯನ್ನು ಸಾಬೀತು ಮಾಡುವ ಹೊರೆ ನಿಮ್ಮದು. ಆಗದಿದ್ದರೆ ಎರಡನೇ ಮದುವೆ ಅಪರಾಧ.

ಇಬ್ಬರೂ ಒಪ್ಪಿದರೆ ಕಲಂ 13-ಬಿ. ವರ್ಷವಾದರೂ ಬೇರೆ ಇದ್ದಿರಬೇಕು. ಅರ್ಜಿ ಹಾಕಿ ಆರು ತಿಂಗಳ ಮೇಲೆ ಮತ್ತೆ ಹೋಗಿ ಒಪ್ಪಿಗೆ ಹೇಳಬೇಕು. ತಕ್ಕ ಪ್ರಕರಣದಲ್ಲಿ ಈ ಆರು ತಿಂಗಳನ್ನು ನ್ಯಾಯಾಲಯ ಬಿಟ್ಟುಕೊಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಡಿಕ್ರಿ ಆಗುವವರೆಗೆ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು, ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಅರ್ಜಿ ಎಲ್ಲಿ? ಹಂಪಿಯಲ್ಲಿ ತಾಳಿ ಕಟ್ಟಿ ಕಂಪ್ಲಿಯಲ್ಲಿ ಸಂಸಾರ ಮಾಡಿದ್ದರೆ ಎರಡೂ ಕಡೆ ಅಧಿಕಾರವ್ಯಾಪ್ತಿ ಉಂಟು. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಕಂಪ್ಲಿ ಸಂಡೂರು ಬಳ್ಳಾರಿಯಲ್ಲೇ ಉಳಿದವು. ಹೆಣ್ಣುಮಗಳು ತವರಿಗೆ ಬಂದಿದ್ದರೆ ಅವಳಿರುವ ಊರಿನ ನ್ಯಾಯಾಲಯಕ್ಕೇ ಹೋಗಬಹುದು. 2003ರ ತಿದ್ದುಪಡಿ ಅದು.

ಇನ್ನು ಮಗು. 'ಗಂಡುಮಗು ನಮ್ಮ ವಂಶದ್ದು' ಎಂದು ಮೀಸೆ ತಿರುವುವ ಅಜ್ಜಂದಿರೇ ಕೇಳಿ. 1956ರ ಕಾಯ್ದೆಯಂತೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ಅಲ್ಲಿಂದ ಮುಂದೆ ನೋಡುವುದು ವಂಶವನ್ನಲ್ಲ, ಮಗುವಿನ ಹಿತವನ್ನು. ತಿಳಿವಳಿಕೆ ಬಂದ ಮಗುವಾದರೆ ಅದರ ಮಾತನ್ನೂ ಪರಿಗಣಿಸಬಹುದು. ಒಮ್ಮೆ ಆದ ಆದೇಶವನ್ನು ಪರಿಸ್ಥಿತಿ ಬದಲಾದರೆ ಬದಲಿಸಲೂಬಹುದು. ಇಷ್ಟು ಗೊತ್ತಿಲ್ಲದೆ ಎಷ್ಟು ತಾಯಂದಿರು ಬರಿಗೈಯಲ್ಲಿ ಬಸ್ಸು ಹತ್ತಿಲ್ಲ!

ಗೊತ್ತಾಗುವುದು ಹೇಗೆ, ಭಾಷೆಯೇ ಅಡ್ಡ ನಿಂತರೆ? ಕರ್ನಾಟಕದಲ್ಲಿ ಕೆಳಗಿನ ನ್ಯಾಯಾಲಯಗಳ ಭಾಷೆ ಕನ್ನಡ. ಹೈಕೋರ್ಟಿನ ಇಂಗ್ಲಿಷಿಗೆ ಸಂವಿಧಾನದ 348ನೇ ವಿಧಿ ಇದೆ. ಹೊಸಪೇಟೆಯ ಅರ್ಜಿಗೆ ಯಾವ ವಿಧಿ? ಬರೀ ಚಾಳಿ! ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಂ ಓದಿಸಿಕೊಳ್ಳಿ. ಇಂಗ್ಲಿಷ್ ಬಾರದ ಕಕ್ಷಿದಾರ ಕೇಳಿದರೆ ನ್ಯಾಯಾಲಯದ ಭಾಷೆಯಲ್ಲಿ ಅನುವಾದ ಕೊಡಲೇಬೇಕು. ಆದರೆ ಕೇಳಬೇಕು. ಅಂಗಡಿ ಬೋರ್ಡಿಗೆ ಮಸಿ ಬಳಿಯಲು ಓಡುವ ಹುಡುಗರು ಕೋರ್ಟಿನ ಆವರಣದಲ್ಲಿ ಕೈಕಟ್ಟಿ ನಿಲ್ಲುತ್ತಾರಲ್ಲ, ಅಲ್ಲಿ ಎಲ್ಲಿ ಹೋಯಿತು ನಿಮ್ಮ ಕನ್ನಡ?

ನಿಮ್ಮ ಅಕ್ಕನೋ ಗೆಳೆಯನೋ ಈ ಕಷ್ಟದಲ್ಲಿದ್ದರೆ ಜೊತೆಗೆ ಹೋಗಿ. ಅರ್ಜಿ ಕನ್ನಡದಲ್ಲಿ ಬರೆಯಿರಿ ಎಂದು ವಕೀಲರಿಗೆ ಹೇಳಿ, ಪ್ರತಿ ಪುಟ ಓದಿಸಿಯೇ ಸಹಿ ಹಾಕಿಸಿ. ದುಡ್ಡಿಲ್ಲವೆಂದು ಹಿಂಜರಿಯಬೇಡಿ. 1987ರ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ವರಮಾನ ನೋಡದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅಲ್ಲೂ ಕನ್ನಡದಲ್ಲೇ ಮಾತಾಡಿ.