ಅಂಗಳಕ್ಕೊಂದು ನಿಧಾನದ ಮರ

ಮರದ ಚೆಲುವು ಎಂದೊಡನೆ ನಮಗೆ ನೆನಪಾಗುವುದು ಹೂವು, ಹಣ್ಣು, ಎಲೆ. ತೊಗಟೆಯನ್ನು ಗಮನಿಸುವವರು ಕಡಿಮೆ. ಆದರೆ ತೊಗಟೆಯ ಅಂದಕ್ಕೆಂದೇ ಜನರು ಮನೆಯ ಬಳಿ ನೆಡುವ ಒಂದು ಮರವಿದೆ. ಅದುವೇ ಪೇಪರ್‌ಬಾರ್ಕ್ ಮೇಪಲ್. ದಾಲ್ಚಿನ್ನಿ ಬಣ್ಣದ ಇದರ ತೊಗಟೆ ತೆಳು ಕಾಗದದಂತೆ ಸುರುಳಿ ಸುರುಳಿಯಾಗಿ ಏಳುತ್ತದೆ. ನಮ್ಮ ಪೇರಳೆ ಮರದ ಸಿಪ್ಪೆ ಏಳುವುದನ್ನು ಕಂಡವರು ಇದನ್ನು ಊಹಿಸಿಕೊಳ್ಳಬಹುದು.

ಮಧ್ಯ ಚೀನಾದ ಬೆಟ್ಟಗಾಡು ಇದರ ತವರು. 1901ರಲ್ಲಿ ಅರ್ನೆಸ್ಟ್ ಹೆನ್ರಿ ವಿಲ್ಸನ್ ಎಂಬವರು ಇಂಗ್ಲೆಂಡಿನ ವೀಚ್ ನರ್ಸರಿಗಾಗಿ ಇದನ್ನು ಅಲ್ಲಿಂದ ಒಯ್ದರು. ಇಂದು ಬ್ರಿಟನ್, ಅಮೆರಿಕದ ತೋಟಗಳಲ್ಲಿ ಇದು ಅಚ್ಚುಮೆಚ್ಚಿನ ಮರ. ತವರಿನ ಕಾಡಿನಲ್ಲಾದರೋ ಅಳಿವಿನಂಚಿನಲ್ಲಿದೆ. ಇದಕ್ಕೆ ಚಳಿಗಾಲದ ಕೊರೆಯುವ ಚಳಿ ಬೇಕು. ಆದ್ದರಿಂದ ನಮ್ಮ ಕರಾವಳಿಯ ಸೆಕೆಗೆ ಹೇಳಿದ್ದಲ್ಲ. ಆದರೆ ಮಗಳೋ ಮಗನೋ ಅಂತಹ ಚಳಿನಾಡಿನಲ್ಲಿ ಸಂಸಾರ ಹೂಡಿದ್ದು, ಮನೆಯ ಹಿಂದೆ ಅಂಗೈಯಗಲದ ಜಾಗವಿದ್ದರೆ ಈ ಮಾಹಿತಿ ಅವರಿಗೆ ತಲುಪಲಿ.

ನೀರು ನಿಲ್ಲದ, ಆದರೆ ತೇವ ಆರದ ಮಣ್ಣು ಇದಕ್ಕೆ ಇಷ್ಟ. ಬಿಸಿಲು ಅಥವಾ ಅರೆನೆರಳು ಸಾಕು. ನೆಟ್ಟ ಮೊದಲ ಎರಡು ಮೂರು ಬೇಸಿಗೆ ತಪ್ಪದೆ ನೀರುಣಿಸಬೇಕು. ಬುಡಕ್ಕೆ ತರಗೆಲೆ ಹೊದಿಸಿ, ಆದರೆ ಕಾಂಡಕ್ಕೆ ತಾಗದಿರಲಿ. ಕಿಟಕಿಯಿಂದ ಕಾಣುವಲ್ಲಿ, ಸಂಜೆಯ ಬಿಸಿಲು ಹಿಂದಿನಿಂದ ಬೀಳುವಲ್ಲಿ ನೆಟ್ಟರೆ ಸುರುಳಿಗಳು ಕೆಂಡದಂತೆ ಹೊಳೆಯುತ್ತವೆ. ಎಲೆ ಉದುರುವ ಮುನ್ನ ಕೆಂಪು, ಕಿತ್ತಳೆ ಬಣ್ಣ ತಾಳುತ್ತದೆ. ಎಲೆಯೆಲ್ಲ ಉದುರಿ ಸುತ್ತಲ ತೋಟ ಬೋಳಾದಾಗಲೇ ತೊಗಟೆಯ ಚೆಲುವು ಎದ್ದು ಕಾಣುವುದು. ಹಣ್ಣು, ಬೆಟ್ಟ, ಮನುಷ್ಯ, ಪ್ರಾಣಿಗಳ ಬಗೆಬಗೆಯ ಬಣ್ಣಗಳನ್ನು ಗಮನಿಸುವಂತೆ ಪವಿತ್ರ ಕುರ್‌ಆನಿನ ಫಾತಿರ್ ಅಧ್ಯಾಯವು ನಮ್ಮನ್ನು ಎಚ್ಚರಿಸುತ್ತದಲ್ಲವೇ?

ಮಕ್ಕಳಿಗೆ ಒಂದು ಮಾತು ಹೇಳಿಕೊಡಿ. ಸುರುಳಿಯನ್ನು ಮುಟ್ಟಿ ನೋಡಬಹುದು, ಜಗ್ಗಿ ಸುಲಿಯಬಾರದು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಕಾಂಡದ ಸುತ್ತಲೂ ಅದು ಕಿತ್ತು ಹೋದರೆ ಮರವೇ ಸಾಯುತ್ತದೆ.

ಈ ಮರಕ್ಕೆ ಅವಸರವಿಲ್ಲ. ಬೀಜಗಳಲ್ಲಿ ಬಹುಪಾಲು ಜೊಳ್ಳು. ಗಟ್ಟಿ ಬೀಜವೂ ಮೊಳೆಯಲು ಎರಡು ಚಳಿಗಾಲ ಕಾಯಿಸಬಹುದು. ಆದ್ದರಿಂದ ನರ್ಸರಿಯ ಸಸಿಯೇ ಲೇಸು. ಅದೂ ಹಲವಾರು ವರ್ಷಗಳ ಬಳಿಕವೇ 20-30 ಅಡಿ ಮುಟ್ಟೀತು. ಇದನ್ನು ಕೊರತೆ ಎನ್ನುವವರಿದ್ದಾರೆ. ಚಿಕ್ಕ ಅಂಗಳಕ್ಕೆ ಇದೇ ಅನುಗ್ರಹ. ಬೇಗ ಬೆಳೆಯಲೆಂದು ದೊಡ್ಡ ಜಾತಿಯ ಮರ ನೆಟ್ಟು, ಅದು ಗೋಡೆಗೆ ತಾಗಿದಾಗ ಕೊಡಲಿ ಎತ್ತುವುದು ನಮ್ಮೂರಲ್ಲೂ ನಡೆಯುತ್ತದೆ. ಹತ್ತು ವರ್ಷ ನೆರಳು ಕೊಟ್ಟದ್ದನ್ನು ಒಂದು ಮುಂಜಾನೆಯಲ್ಲಿ ಉರುಳಿಸುತ್ತೇವೆ. ತಪ್ಪು ಮರದ್ದಲ್ಲ, ಆಯ್ಕೆಯದ್ದು.

ಕೈಯಲ್ಲಿ ಸಸಿ ಇರುವಾಗಲೇ ಅಂತ್ಯದಿನ ಬಂದರೂ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಫಲ ಕಾಣುವುದು ನಮ್ಮ ಪಾಲಿನ ಹೊಣೆಯಲ್ಲ. ಆದರೆ ನೆಟ್ಟದ್ದು ಬಾಳುವಂತೆ ಯೋಚಿಸಿ ನೆಡುವುದು ನಮ್ಮ ಹೊಣೆಯೇ. ಅಲ್ಲಿನ ಮೇಪಲ್ ಇರಲಿ, ಇಲ್ಲಿನ ಪೇರಳೆ ಇರಲಿ, ಸಸಿ ಕೊಳ್ಳುವಾಗ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಪ್ಪತ್ತು ವರ್ಷಗಳ ಬಳಿಕ ಇದಕ್ಕೆ ಎಷ್ಟು ಜಾಗ ಬೇಕು?