ಮುದಿ ಎತ್ತಿಗೆ ಮೇವು ಯಾರದು?

ಅಳ್ನಾವರದ ಪೇಟೆಯಲ್ಲಿ ಅಂಗಡಿ ತೆಗೆಯುವವರಿಗೆ, ಬಸ್ಸಿಗೆ ಕಾಯುವವರಿಗೆ ಇದು ಹೊಸ ನೋಟವಲ್ಲ. ಎಲುಬು ಎಣಿಸಬಹುದಾದ ಮುದಿ ಎತ್ತೊಂದು ಬಾಳೆಸಿಪ್ಪೆಗೆ ಬಾಯಿ ಹಾಕುತ್ತದೆ. ಯಾರೋ ಬಡಿಗೆ ಎತ್ತುತ್ತಾರೆ. ‘ಯಾರದಪಾ ಇದು?’ ಎಂದರೆ ಉತ್ತರವಿಲ್ಲ.

ಕಾರಹುಣ್ಣಿಮೆಗೆ ಇಂಥದೇ ಎತ್ತಿನ ಕೋಡಿಗೆ ಬಣ್ಣ ಹಚ್ಚಿ ‘ಬಸವಣ್ಣ’ ಎಂದು ಕೈಮುಗಿದವರು ನಾವು. ನೊಗ ಹೊರಲಾರದ ದಿನ ಬಸವಣ್ಣ ಭಾರವಾದ!

1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತನ್ನು ಸರ್ಟಿಫಿಕೇಟು ಪಡೆದು ಕಸಾಯಿಖಾನೆಗೆ ಕೊಡಬಹುದಿತ್ತು. ಬಂದ ರೊಕ್ಕ ಹೊಸ ಎತ್ತಿಗೆ ಆಗುತ್ತಿತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಆ ಬಾಗಿಲು ಮುಚ್ಚಿತು. ಕಡಿದರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷದವರೆಗೆ ದಂಡ.

ಸರಿ, ಜೀವ ಉಳಿಯಿತು. ಹೊಟ್ಟೆಯ ಗತಿ? ಉಪವಾಸ ಬೀಳುವಂತೆ ದನವನ್ನು ಬಿಟ್ಟುಬಿಡುವುದೂ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧವೇ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? 10ರಿಂದ 50 ರೂಪಾಯಿ. ಕತ್ತಿಗೆ ಲಕ್ಷದ ಲೆಕ್ಕ, ಹಸಿವಿಗೆ ಒಂದು ಹೊತ್ತಿನ ನಾಷ್ಟಾದ ರೊಕ್ಕ!

‘ದುಡಿಯದ ಎತ್ತಿಗೆ ಹುಲ್ಲು ಕೊಳ್ಳಲ್ಯೋ, ಹುಡುಗರ ಫೀ ತುಂಬಲ್ಯೋ?’ ಎನ್ನುವ ರೈತನೊಬ್ಬನನ್ನೇ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ಆ ಎತ್ತು ಉತ್ತ ಹೊಲದ ಅನ್ನ ಉಂಡವರು ನಾವೆಲ್ಲ. ಕಡಿಯಬ್ಯಾಡ ಎಂದ ಸರಕಾರ, ಹೌದೌದು ಎಂದ ನಾವು, ಮೇವಿನ ಪಾಲನ್ನೂ ಹೊರಬೇಕು.

ಮಣ್ಣೆತ್ತಿನ ಅಮಾವಾಸ್ಯೆಯ ಎತ್ತಿಗೆ ಪೂಜೆ ಸಾಕು. ಉಸಿರಾಡುವ ಎತ್ತಿಗೆ ಹುಲ್ಲೂ ಬೇಕು, ನೀರೂ ಬೇಕು.